ಎರಡು ಸೂರ್ಯರ ಪರದೆ

ಹಗ್ಗದ ಆ ತುದಿಯಲ್ಲಿ ನಿಲ್ಲುವ ಅಪ್ಪನಿಗೆ,

ತೀರ್ಥರೂಪರಾದ ತಂದೆಯವರಿಗೆ ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಹಾಗೆ ಬರೆದರೆ ನೀನು ಯಾವುದೋ ದೂರದ ಊರಿನ ಸಾಹೇಬನಂತೆ ಕಾಣುತ್ತೀ. ನೀನಿರುವುದು ಈ ಗೋಡೆಯಾಚೆ, ಜೋರಾಪುರ ಪೇಟೆಯ ನಮ್ಮದೇ ಅಂಗಳದಲ್ಲಿ. ಬಣ್ಣದ ಡಬ್ಬಿಯ ಮುಚ್ಚಳವನ್ನು ನೀನು ಬಡಿದು ಕೂರಿಸುವ ಸದ್ದು ಇಲ್ಲಿಗೆ ಕೇಳುತ್ತಿದೆ. ಹತ್ತು ಹೆಜ್ಜೆ ನಡೆದು ಬಂದು ಹೇಳಬಹುದಾದದ್ದನ್ನು ಬರೆಯಲು ಕೂತಿದ್ದೇನೆ. "ಅಪ್ಪಗ ಮಗಗ ನಡುವ ನಾನೊಬ್ಬಾಕಿ ಟಪಾಲಿನಾಕಿ" ಎಂದು ಅವ್ವ ಬೈಯುವುದು ಸುಳ್ಳಲ್ಲ. ಆದರೆ ಇದನ್ನು ಅವ್ವನ ಕೈಯಲ್ಲೂ ಹೇಳಿ ಕಳಿಸಲಾಗದು.

ಬಸವ ಜಯಂತಿಯ ಮರುದಿನ ನೀನು ತಿಕೋಟಾದಿಂದ ಬಂದೆ. ಟೆಂಪೊದಿಂದ ಪರದೆಗಳನ್ನು ಇಳಿಸಿ, ರೇವಪ್ಪ ಮಾಸ್ತರರು ಕೊಟ್ಟಿದ್ದ ಒಣದ್ರಾಕ್ಷಿಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು, "ಪರದಿ ಹರೀಲಿಲ್ಲ ಹೌದಲ್ಲ?" ಎಂದು ಕೇಳಿದೆ. "ಇಲ್ಲ" ಎಂದೆ. ನೀನು ಕೈಕಾಲು ತೊಳೆಯಲು ಹೋದೆ. ನನ್ನ ಮೊದಲ ನಾಟಕದ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೆ. ಹನ್ನೆರಡು ದಿನವಾಯಿತು. ನನ್ನ ನಾಟಕ ಆಡಿದ ಜೈನಾಪುರದಲ್ಲಿ ಆ ಸಂಜೆ ಏನಾಯಿತೆಂದು ನೀನು ಕೇಳಿಲ್ಲ, ನಾನು ಹೇಳಿಲ್ಲ. ಈಗ ಹೇಳುತ್ತೇನೆ. ನಿನಗೆ ಗೊತ್ತಿದ್ದದ್ದೂ ನಡುನಡುವೆ ಬಂದರೆ ಬೇಜಾರಾಗಬೇಡ. ನನಗೆ ಅದನ್ನು ಬಿಟ್ಟು ಇದನ್ನು ಹೇಳಲು ಬರುವುದಿಲ್ಲ.

ನಾನು ಚಿಕ್ಕವನಿದ್ದಾಗ ಮಧ್ಯಾಹ್ನ ಮಲಗುತ್ತಿದ್ದದ್ದು ನಿನ್ನ ಪರದೆಗಳ ಕೋಣೆಯಲ್ಲಿ. ಊರೂರಿನ ನಾಟಕಗಳಿಗೆ ನೀನು ಬಾಡಿಗೆಗೆ ಒಯ್ಯುವ ಪರದೆಗಳು ನಾಲ್ಕೇ: ಅರಮನೆ, ಅಡವಿ, ಬೀದಿ, ಸೆರೆಮನೆ. ಐದನೆಯದು ಯಾಕಿಲ್ಲ ಎಂದು ನಾನು ಕೇಳಿದ್ದೆನಂತೆ. "ಮನಷ್ಯಾ ಹೋಗೂದು ಈ ನಾಲ್ಕ ಕಡೇನ, ಸಂಗು. ಐದನೇದು ಎಲ್ಲೈತಿ?" ಎಂದು ನೀನು ನಕ್ಕಿದ್ದೆ. ಆದರೆ ಒಮ್ಮೆ ಅಡವಿಯ ಪರದೆಯನ್ನು ಅಂಗಳದಲ್ಲಿ ಬಿಸಿಲಿಗೆ ತೂಗು ಹಾಕಿದಾಗ ನಾನು ಅದರ ಹಿಂದೆ ನಿಂತಿದ್ದೆ. ಎಷ್ಟೋ ವರ್ಷದ ಮೊಳೆ, ಸೂಜಿ, ಇಲಿಹಲ್ಲಿನ ತೂತುಗಳಲ್ಲಿ ಬೆಳಕು ಚುಚ್ಚಿ ಬರುತ್ತಿತ್ತು. ಮುಂದಿನಿಂದ ಅಡವಿಯಾಗಿದ್ದದ್ದು ಹಿಂದಿನಿಂದ ನಕ್ಷತ್ರ ತುಂಬಿದ ಆಕಾಶ. ಅಲ್ಲಿಗೆ ಹೋಗಬೇಕು ಅನ್ನಿಸಿತು. ಮರುದಿನ ನೀನು ಒಂದೊಂದೇ ತೂತಿಗೆ ತೇಪೆ ಹಚ್ಚಿ ನನ್ನ ನಕ್ಷತ್ರಗಳನ್ನೆಲ್ಲ ಮುಚ್ಚಿಬಿಟ್ಟೆ. ಅದಕ್ಕೇ ಇರಬೇಕು, ಕನ್ನಡ ಎಂ.ಎ. ಮುಗಿಸಿ, ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತ ಕೂತ ನಾನು ನಾಟಕ ಬರೆಯಹೊರಟಾಗ ಅದು ಬೇರೆ ಗ್ರಹಗಳ ನಾಟಕವೇ ಆಯಿತು.

ಅದು ಜೈನಾಪುರಕ್ಕೆ ಹೋದ ಬಗೆ ನಿನಗೆ ಗೊತ್ತಿಲ್ಲ. ಆ ಊರಿನ ಹುಡುಗ ಸೋಮು ತನ್ನ ತರುಣ ಸಂಘದ ಹ್ಯಾಂಡ್‌ಬಿಲ್ ಮಾಡಿಸಲು ಅಂಗಡಿಗೆ ಬಂದಿದ್ದ. ಈ ಸಲ ಬಸವ ಜಯಂತಿಗೆ ಹೊಸ ನಾಟಕ ಬೇಕು, ಎಲ್ಲಾ ಕಡೆ ಆಡಿದ್ದನ್ನೇ ಆಡುತ್ತಾರೆ ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ನನ್ನದೊಂದಿದೆ ಎಂದು ಬಾಯಿಬಿಡುವ ಧೈರ್ಯ ನನಗೆಲ್ಲಿಯದು? ಅವನ ಹ್ಯಾಂಡ್‌ಬಿಲ್ಲುಗಳ ನಡುವೆ ನನ್ನ ನಾಟಕದ ಮೊದಲ ಎರಡು ಪುಟ ಸೇರಿಸಿ ಕಟ್ಟಿಕೊಟ್ಟೆ. ಮೂರನೆಯ ದಿನ ಬಂದು ನಿಂತ. "ಇದು ನಮ್ದಲ್ಲರಿ. ಆದ್ರ ಉಳದದ್ದು ಎಲ್ಲೈತಿ?" ಎಂದ. ಆ ದಿನ ನಾನು ಅಂಗಡಿಯಿಂದ ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ.

ಮನೆಗೆ ಬಂದವನಿಗೆ ತಾರೀಖು ಕಾದಿತ್ತು. ಬಸವ ಜಯಂತಿಗೆ ತಿಕೋಟಾದ ರೇವಪ್ಪ ಮಾಸ್ತರರ ನಾಟಕ. ನಾಲ್ಕೂ ಪರದೆ ಅಲ್ಲಿಗೆ, ಪರದೆಯ ಜೊತೆ ಹಗ್ಗ ಹಿಡಿಯಲು ನೀನೂ ಅಲ್ಲಿಗೆ. ನೀನು ಸಂಕ್ರಾಂತಿಯಲ್ಲೇ ಅವರಿಗೆ ಮಾತು ಕೊಟ್ಟಿದ್ದೆ. ನಾನು ಜೀವನದಲ್ಲಿ ಒಮ್ಮೆಯೇ ನಿನಗೆ ಎದುರು ಮಾತಾಡಿದ್ದು ಆವತ್ತು. "ನಿನಗ ಮಗಾ ದೊಡ್ಡಾಂವೋ, ರೇವಪ್ಪ ಮಾಸ್ತರ ದೊಡ್ಡಾಂವೋ?" ಎಂದುಬಿಟ್ಟೆ. ನೀನು ಕುಂಚ ಒರೆಸುವುದನ್ನು ನಿಲ್ಲಿಸಲಿಲ್ಲ. "ದೊಡ್ಡಾಂವ ಸಣ್ಣಾಂವ ಅಲ್ಲೋ. ಅವರಿಗೆ ಮೊದ್ಲ ಹೇಳೇನಿ, ಅಷ್ಟ" ಎಂದೆ.

ಆ ಮಾತಿನ ಹಿಂದೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಶಾಲೆಯ ಎರಡನೆಯ ಇಯತ್ತೆಯಲ್ಲಿದ್ದಾಗ ಯಾವುದೋ ಊರಿನಲ್ಲಿ ವೈರು ಸುಟ್ಟು ನಿನ್ನ ನಾಲ್ಕೂ ಪರದೆ ಬೂದಿಯಾದವು. ಎಲ್ಲ ಸಂಘದವರೂ ಬೇರೆ ಸೀನರಿಯವರನ್ನು ಹುಡುಕಿಕೊಂಡರು. ರೇವಪ್ಪ ಮಾಸ್ತರರು ಮಾತ್ರ ಒಂದು ವರ್ಷ ಪೂರ್ತಿ, ಮಳೆಗೆ ರಾಶಿಯ ಮೇಲೆ ಹೊದಿಸುವ ತಾಡಪತ್ರಿ ಕಟ್ಟಿ ನಾಟಕ ಆಡಿಸಿದರು. "ಬಸಲಿಂಗಯ್ಯನ ಅರಮನಿ ತಯಾರಾಗೂತನಕ ನನ್ನ ರಾಜಾ ತಾಡಪತ್ರಿ ಮುಂದನ ಕುಂದ್ರತಾನ, ಯಾಂವ ಕೇಳತಾನ ನೋಡೋಣು" ಎಂದು ಊರೆದುರು ಹೇಳಿದರಂತೆ. ಅವ್ವ ಈ ಕಥೆಯನ್ನು ನೂರು ಸಲ ಹೇಳಿದ್ದಾಳೆ. ನನಗೆ ಸಿಟ್ಟು ಬಂದಾಗ ಮಾತ್ರ ಅದು ನೆನಪಾಗಲಿಲ್ಲ.

ಸಿಟ್ಟನ್ನು ನಾನು ಎಲ್ಲಿ ಇಟ್ಟೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ನಾಟಕದಲ್ಲಿ ಇಟ್ಟೆ. ಎರಡು ಸೂರ್ಯರಿರುವ ಒಂದು ಲೋಕ. ಅಲ್ಲಿ ಆಕಾಶದ ಹಡಗುಗಳು ಬಂದಿಳಿಯುವ ಬಾಗಿಲು. ಅದನ್ನು ಕಾಯುವ ವೀರಕೇತು. ನಾನು ಬರುವ ತನಕ ಬಾಗಿಲು ಬಿಡಬೇಡ ಎಂದು ಹೇಳಿ ಹೋದ ರಾಜ ನಲವತ್ತು ವರ್ಷವಾದರೂ ಬಂದಿಲ್ಲ. ಜನರೆಲ್ಲ ಬೇರೆ ಲೋಕಗಳಿಗೆ ಹೋಗಿದ್ದಾರೆ. ವೀರಕೇತು ಮಾತ್ರ ನಿಂತೇ ಇದ್ದಾನೆ. ಅವನ ಮಗ ಚಂದ್ರಕೇತು ದೊಡ್ಡವನಾಗಬೇಕೆಂಬ ಹಂಬಲ ಹೊತ್ತು ಬೇರೊಂದು ಗ್ರಹಕ್ಕೆ ಹೋಗಿ ದಂಡನಾಯಕನಾಗುತ್ತಾನೆ. ಕಡೆಗೆ ಎರಡು ಸೂರ್ಯರ ಲೋಕವನ್ನು ಗೆದ್ದು ಬಾ ಎಂದು ಅವನಿಗೇ ಆಜ್ಞೆಯಾಗುತ್ತದೆ. ದಂಡು ತಂದು ನೋಡಿದರೆ ಬಾಗಿಲಲ್ಲಿ ಇರುವವನು ಅಪ್ಪ ಒಬ್ಬನೇ. ನಾನು ಮೊದಲು ಬರೆದಾಗ ಇಬ್ಬರೂ ಅಲ್ಲಿ ಸುಮ್ಮನೆ ನಿಲ್ಲುತ್ತಿದ್ದರು, ಪರದೆ ಬೀಳುತ್ತಿತ್ತು. ನಿನ್ನೊಡನೆ ಮಾತಾಡಿದ ಮರುದಿನ ಅದನ್ನು ತಿದ್ದಿದೆ. ಮಗ ಅಪ್ಪನನ್ನು ಪಕ್ಕಕ್ಕೆ ತಳ್ಳಿ ಹೇಳುತ್ತಾನೆ: "ಯಾರೂ ಬಾರದ ಬಾಗಿಲನ್ನು ಕಾಯುವವನು ನಿಷ್ಠಾವಂತನಲ್ಲ, ಕಲ್ಲು." ಈ ಸಾಲನ್ನು ಬರೆದು ನನಗೆ ಬಹಳ ಖುಷಿಯಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅದೇ ವಾರ ನೀನು ಮಾದರಪಾಟ ಬಟ್ಟೆ ತಂದೆ. ಅವ್ವ ಎರಡು ದಿನ ಮಷೀನಿನ ಮೇಲೆ ಕೂತು ಜೋಡಿಸಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇಡೀ ಅಂಗಳದ ತುಂಬ ಹಾಸಿದ ಬಟ್ಟೆಯ ಮೇಲೆ ಕೂತು, ಗೋಂದಿನ ಪಾತ್ರೆ ಕಲಕುತ್ತ ಕರೆದೆ. "ಲೇ ಸಂಗು, ನಿನ್ನ ಆ ಊರಾಗ ಸೂರ್ಯಾ ಎಷ್ಟ ಅಂದಿ?"

"ಎರಡು."

"ಹಂಗಾರ ನೆರಳು?"

ನಾನು ನಾಲ್ಕು ತಿಂಗಳು ಆ ಲೋಕವನ್ನು ಕಟ್ಟಿದ್ದೆ. ಅಲ್ಲಿನ ಹಡಗು, ಅಲ್ಲಿನ ಗಾಳಿ, ಅಲ್ಲಿನ ಕಲ್ಲಿನ ಬಣ್ಣ ಎಲ್ಲ ಯೋಚಿಸಿದ್ದೆ. ಇದು ತಲೆಗೆ ಬಂದಿರಲಿಲ್ಲ. ನೀನೇ ಹೇಳಿದೆ: "ಒಬ್ಬೊಬ್ಬಗ ಎರಡೆರಡು ಬೀಳಬೇಕಲ್ಲೋ. ಒಂದು ಈ ಕಡೆ, ಒಂದು ಆ ಕಡೆ. ಎಂ.ಎ. ಮಾಡಿ ಇಷ್ಟೂ ತಿಳಿಯಾಂಗಿಲ್ಲೇನು?" ಅವ್ವ ಒಳಗಿನಿಂದ ನಕ್ಕಳು. ಆಮೇಲೆ ನೀನು ಹನ್ನೊಂದು ದಿನ ಬರೆದೆ. ಕೆಂಪು ಗುಡ್ಡಗಳು, ನಡುವೆ ಕಲ್ಲಿನ ಬಾಗಿಲು, ಮೇಲೆ ಒಂದು ಹಳದಿ ಸೂರ್ಯ, ಒಂದು ಬಿಳಿ ಸೂರ್ಯ. ಪ್ರತಿ ಗುಡ್ಡಕ್ಕೂ, ಪ್ರತಿ ಬಂಡೆಗೂ ಎರಡೆರಡು ನೆರಳು. ಒಂದು ಗಾಢ, ಒಂದು ತೆಳು. ದಿನಾ ನನ್ನಿಂದ ಒಂದೊಂದು ಪ್ರವೇಶ ಓದಿಸಿಕೊಂಡೆ. ಕೊನೆಯದನ್ನು ನಾನು ಓದಲಿಲ್ಲ. ಇನ್ನೂ ಬರೆದಿಲ್ಲ ಎಂದೆ. "ಆತು, ಬರೀ" ಎಂದು ನೀನು ಗುಡ್ಡಕ್ಕೆ ತಿರುಗಿದೆ.

ಬಸವ ಜಯಂತಿಯ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಎರಡು ಟೆಂಪೊ ನಿಂತವು. ನಾಲ್ಕು ಪರದೆಗಳ ಜೊತೆ ನೀನು ತಿಕೋಟಾದ ಕಡೆಗೆ, ಒಂದು ಪರದೆಯ ಜೊತೆ ನಾನು ಜೈನಾಪುರಕ್ಕೆ, ಬಬಲೇಶ್ವರದ ಕಡೆಗೆ. ಹೋಗಿ ಬರತೀನಿ ಎಂದೆ ನಾನು. "ಗಾಳಿ ನೋಡ್ಕೋ" ಎಂದೆ ನೀನು. ದಾರಿಯುದ್ದಕ್ಕೂ ನಾಟಕದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಆ ಕೊನೆಯ ಸಾಲಿದ್ದ ಪುಟವನ್ನು ಮಾತ್ರ ತೆರೆಯದೆ ಕೂತಿದ್ದೆ.

ಜೈನಾಪುರದಲ್ಲಿ ಶಾಲೆಯ ಮುಂದೆ ಸ್ಟೇಜು ಕಟ್ಟಿದ್ದರು. ಎರಡನೆಯ ಗ್ರಹಕ್ಕೆ ಪರದೆ ಇಲ್ಲವಲ್ಲ ಎಂದು ನಾನು ಚಿಂತೆ ಮಾಡುತ್ತಿದ್ದರೆ ಸೋಮು ಹೊಲದಿಂದ ನೀಲಿ ತಾಡಪತ್ರಿ ತಂದು ಕಟ್ಟಿಸಿಬಿಟ್ಟ. "ನಿಮ್ಮ ಇನ್ನೊಂದು ಗ್ರಹಕ್ಕ ನೀಲಿ ಗ್ರಹ ಅಂತ ಹೆಸರಿಡ್ರಿ, ಮುಗೀತು" ಎಂದ. ನಾನು ನಕ್ಕೆ, ಆಮೇಲೆ ತಾಡಪತ್ರಿಯ ಮುಂದೆ ಕೂತ ರೇವಪ್ಪ ಮಾಸ್ತರರ ರಾಜ ನೆನಪಾಗಿ ನಗು ನಿಂತಿತು. ಎರಡು ದೊಡ್ಡ ಲೈಟುಗಳನ್ನು ಸ್ಟೇಜಿನ ಎಡಕ್ಕೊಂದು ಬಲಕ್ಕೊಂದು ಇಡಿಸಿದ್ದ. ಯಾಕೆ ಹೀಗೆ ಎಂದರೆ, "ನಿಮ್ಮ ಅಪ್ಪಾರು ಫೋನ್ ಮಾಡಿದ್ರಲ್ಲರಿ! ಇನ್ನೊಂದು ಗ್ರಹ ಬಂದಾಗ ಒಂದು ಆರಸು, ನಮ್ಮ ಪರದಿ ಬಿದ್ದಾಗ ಎರಡೂ ಹಚ್ಚು ಅಂದಾರ." ನೀನು ಯಾವಾಗ ಫೋನ್ ಮಾಡಿದೆ, ಅಪ್ಪಾ? ಅವ್ವನಿಗೂ ಗೊತ್ತಿಲ್ಲವಂತೆ.

ವೀರಕೇತುವಿನ ಪಾತ್ರ ಟೇಲರ್ ಗೈಬುಸಾಬರದು. ಅರವತ್ತು ದಾಟಿದ ಮನುಷ್ಯ, ಕಂಚಿನ ದನಿ, ಆದರೆ ಮಾತು ನೆನಪುಳಿಯುವುದಿಲ್ಲ. ಮಗ ಚಂದ್ರಕೇತು ಸ್ವತಃ ಸೋಮು, ಅವನಿಗೂ ನೆನಪುಳಿಯುವುದಿಲ್ಲ. ಬೇರೆ ಲೋಕದವರೆಲ್ಲ ಮೋಟರ್‌ಸೈಕಲ್ ಹೆಲ್ಮೆಟ್ಟಿಗೆ ಬೆಳ್ಳಿ ಕಾಗದ ಅಂಟಿಸಿ ಹಾಕಿಕೊಂಡರೆ ಗೈಬುಸಾಬರು ಮಾತ್ರ ಒಪ್ಪಲಿಲ್ಲ. "ಯಾವ ಗ್ರಹ ಇದ್ರೂ ಕಾವಲಗಾರಗ ಪಟಗಾನ ಚಂದ" ಎಂದು ತಲೆಗೆ ಪಟಗಾ ಸುತ್ತಿಕೊಂಡೇ ನಿಂತರು. ಹಗ್ಗ ಹಿಡಿಯುವವನೂ ನಾನೇ, ಹಿಂದೆ ನಿಂತು ಮಾತು ಎತ್ತಿಕೊಡುವವನೂ ನಾನೇ ಎಂದೆ. ಸೋಮು, "ನಾಟಕ ಬರೆದ ಕವಿ ಮುಂದ ಕುರ್ಚಿ ಮ್ಯಾಲ ಕುಂದ್ರಬೇಕರಿ" ಎಂದು ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಜನ ಇದ್ದರು, ಅಪ್ಪಾ. ಬಬಲೇಶ್ವರದಿಂದ, ಮಮದಾಪುರದಿಂದಲೂ ಬಂದಿದ್ದರು. ನನಗೆ ಪರದೆಯ ಹಿಂದಿನ ಕತ್ತಲೆಯೇ ಬೇಕಾಗಿತ್ತು.

ಸಂಜೆ ಏಳಕ್ಕೆ ಹಗ್ಗ ಸಡಿಲಿಸಿ, ಮೇಲೆ ಸುತ್ತಿದ್ದ ಪರದೆಯನ್ನು ಕೆಳಗೆ ಬಿಟ್ಟೆ. ಎರಡೂ ಲೈಟು ಹತ್ತಿದವು. ಹೆಂಗಸರ ಕಡೆಯಿಂದ ಒಬ್ಬ ಮುದುಕಿಯ ದನಿ ಬಂತು: "ಅಯ್ಯ ಯಪ್ಪಾ, ಎರಡ ಸೂರ್ಯಾ! ನಮಗ ಒಂದ ಸಾಕಾಗಿ ಸಾಯಾಕತ್ತೇವಿ, ಇವರ ಹೆಂಗ ತಡೀತಾರ ಬೇ?" ಊರೆಲ್ಲ ನಕ್ಕಿತು. ನಾನೂ ನಕ್ಕೆ, ಹಗ್ಗ ಜಾರಿತು. ಅದನ್ನು ಹಿಡಿಯಲು ತಿರುಗಿದಾಗಲೇ ಕಂಡದ್ದು. ಪರದೆಯ ಬೆನ್ನಿಗೆ, ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ದಪ್ಪ ಪೆನ್ಸಿಲಿನಲ್ಲಿ ನಿನ್ನ ಅಕ್ಷರ. ಅಂಗಡಿಗಳ ಬೋರ್ಡು ಬರೆದ ಅದೇ ದುಂಡು ಅಕ್ಷರ:

"ಸಂಗು, ಹಗ್ಗಾ ಕೈಗೆ ಎರಡ ಸುತ್ತ ಸುತಗೊ. ಗಾಳಿ ಬಂದ್ರ ಕೆಳಗಿನ ಬಿದಿರಿನ ಮ್ಯಾಲ ಕಾಲ ಇಡು. ಅವಸರ ಮಾಡಬ್ಯಾಡ."

ನಾನು ಎಲ್ಲಿ ನಿಲ್ಲುತ್ತೇನೆಂದು ನಿನಗೆ ಗೊತ್ತಿತ್ತು. ಕುರ್ಚಿಯ ಮೇಲಲ್ಲ, ಹಗ್ಗದ ಬಳಿಯೇ ನಿಲ್ಲುತ್ತೇನೆಂದು, ಸೋಮು ನನ್ನೊಡನೆ ವಾದ ಮಾಡುವುದಕ್ಕೆ ಎಷ್ಟೋ ದಿನ ಮೊದಲೇ ಗೊತ್ತಿತ್ತು. ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಆಮೇಲೆ ಜಾರಲಿಲ್ಲ.

ನಾಟಕ ಚೆನ್ನಾಗಿಯೇ ನಡೆಯಿತು. ಎರಡು ಗ್ರಹಗಳ ಯುದ್ಧದ ನಡುವೆ ಒಬ್ಬರು ಸ್ಟೇಜು ಹತ್ತಿ ಗೈಬುಸಾಬರಿಗೆ ಟವೆಲು ಹೊದಿಸಿ ಆಯೇರಿ ಮಾಡಿ, ಮೈಕಿನಲ್ಲಿ ತಮ್ಮ ಮನೆಯವರ ಹೆಸರನ್ನೆಲ್ಲ ಓದಿದರು. ಅಷ್ಟು ಹೊತ್ತೂ ನೀಲಿ ಗ್ರಹದ ದಂಡು ಕತ್ತಿ ಎತ್ತಿಕೊಂಡೇ ಕಾದಿತ್ತು. ನಿನಗೆ ಇದೆಲ್ಲ ಹೊಸದಲ್ಲ. ನನಗೆ ಎಲ್ಲವೂ ಹೊಸದು.

ಕೊನೆಯ ಪ್ರವೇಶ. ಪರದೆ ಬಿಟ್ಟೆ, ಹಾಳೆ ತಿರುವಿದೆ. ತಾಲೀಮಿಗೆ ಕೊಟ್ಟದ್ದು ಝೆರಾಕ್ಸ್ ಪ್ರತಿ, ಇದು ಅಲ್ಲಿಯ ತನಕ ಮನೆಯಲ್ಲೇ ಇದ್ದ ಮೂಲ ಪ್ರತಿ. ಆ ಪುಟದ ಅಂಚಿನಲ್ಲಿ, ಆ ಸಾಲಿನ ಪಕ್ಕದಲ್ಲೇ, ಒಂದು ಹೆಬ್ಬೆರಳಿನ ಗುರುತು. ಗುಡ್ಡದ ಕೆಂಪು ಬಣ್ಣ.

ನೀನು ಓದಿದ್ದೆ. ಬರೆದಿಲ್ಲ ಎಂದು ನಾನು ಹೇಳಿದ್ದ ಪುಟವನ್ನು, ನಾನು ಅಂಗಡಿಗೆ ಹೋದಾಗ, ಒಣಗದ ಕೈಯಲ್ಲೇ ಹಿಡಿದು ಓದಿದ್ದೆ. ಅದು ಯಾರ ಮೇಲಿನ ಸಾಲು ಎಂಬುದು ನಿನಗೆ ತಿಳಿಯದೆ ಇದ್ದೀತೇ? ಓದಿ, ಪುಟ ಕೆಳಗಿಟ್ಟು, ಮತ್ತೆ ಹೋಗಿ ಬಾಗಿಲಿನ ಕಲ್ಲುಗಳಿಗೆ ನೆರಳು ಬರೆದಿದ್ದೆ. ಆಮೇಲೆ ಪರದೆಯ ಬೆನ್ನಿಗೆ ನನ್ನ ಹೆಸರು ಬರೆದಿದ್ದೆ.

ಹೊರಗೆ ಸೋಮು ವೀರಕೇತುವಿನ ಎದುರು ಬಂದು ನಿಂತು ಮಾತು ಮರೆತಿದ್ದ. ಕಾಲಿನಿಂದ ಹಲಗೆ ತಟ್ಟಿ ನನ್ನನ್ನು ಕರೆಯುತ್ತಿದ್ದ. ಜನ ಕಾಯುತ್ತಿದ್ದರು. ಒಂದು ಸಾಲು ಎತ್ತಿಕೊಟ್ಟರೆ ಸಾಕು, ಅವನು ಅದನ್ನೇ ಆಡುತ್ತಾನೆ. ನನ್ನ ಬಾಯಿಗೆ ಆ ಸಾಲು ಬರಲಿಲ್ಲ. ಬೇರೆ ಬಂತು. "ಇಂದಿನ ಕಾವಲು ನನಗಿರಲಿ, ಅಪ್ಪಾ. ನೀನು ಒಂದು ಗಳಿಗೆ ಕುಳಿತುಕೋ."

ಸೋಮು ತಟ್ಟನೆ ಎತ್ತಿಕೊಂಡ. ದೊಡ್ಡ ದನಿಯಲ್ಲಿ ಹೇಳಿಬಿಟ್ಟ, ತಾನೇ ಕತ್ತಿಯನ್ನು ಕೆಳಗಿಟ್ಟ. ಕಷ್ಟಕ್ಕೆ ಸಿಕ್ಕವರು ಗೈಬುಸಾಬರು. ತಾಲೀಮಿನಲ್ಲಿ ಪ್ರತಿ ಸಲ ಅವರನ್ನು ತಳ್ಳಿದ್ದರು. ಕೂರು ಎಂದು ಯಾರೂ ಹೇಳಿರಲಿಲ್ಲ. ಪರದೆಯ ಅಂಚಿನಲ್ಲಿದ್ದ ನನ್ನ ಕಡೆ ನೋಡಿದರು. ಆಮೇಲೆ ಕಾವಲಿನ ಭರ್ಚಿಯನ್ನು ನಿಧಾನವಾಗಿ ಮಗನ ಕೈಗೆ ಕೊಟ್ಟು, ಕಲ್ಲಿನ ಬಾಗಿಲಿನ ಮುಂದಿನ ಪೆಟ್ಟಿಗೆಯ ಮೇಲೆ ಕೂತು, ಎರಡೂ ಮೊಳಕಾಲು ಒತ್ತಿಕೊಂಡರು. ವೀರಕೇತುವಿನ ಗ್ರಂಥದ ಕನ್ನಡವನ್ನೆಲ್ಲ ಮರೆತು ತಮ್ಮ ಮಾತಿನಲ್ಲೇ ಹೇಳಿದರು: "ಕುಂದ್ರು ಅಂತ ಯಾರರ ಅಂತಾರೇನಂತ ನಲವತ್ತ ವರ್ಸ ಕಾದೇನೋ, ಯಪ್ಪಾ."

ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು, ಆಮೇಲೆ ಹೆಂಗಸರ ಕಡೆ ಒಬ್ಬಿಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಮಾತ್ರ ಗೈಬುಸಾಬರು ಕಾಣುತ್ತಿರಲಿಲ್ಲ. ನಾನು ಹುಟ್ಟುವ ಮೊದಲಿನಿಂದ ಎಷ್ಟೋ ನಾಟಕಗಳ ಕೊನೆಯ ತನಕ ಹಗ್ಗ ಹಿಡಿದು ನಿಂತ ಒಬ್ಬರ ಮೊಳಕಾಲು ಕಾಣುತ್ತಿದ್ದವು. ಅದೇ ಹೊತ್ತಿಗೆ ತಿಕೋಟಾದಲ್ಲೂ ಅವು ನಿಂತೇ ಇದ್ದವು.

ಹಗ್ಗ ಕಟ್ಟಲು ಬಗ್ಗಿದೆ. ಕೆಳಗಿನ ಬಿದಿರಿನ ಹತ್ತಿರ, ಬಗ್ಗದಿದ್ದರೆ ಕಾಣದ ಜಾಗದಲ್ಲಿ, ಇನ್ನೊಂದು ಸಾಲಿತ್ತು: "ಮುಗಿದ ಮ್ಯಾಲ ಒಮ್ಮೆ ಮುಂದ ಹೋಗಿ ನಿಂದ್ರು. ಅಂಜಬ್ಯಾಡ."

ಹೋದೆ, ಅಪ್ಪಾ. ನೀನು ನಂಬುವುದಿಲ್ಲ. ಬೆವರಿದ ಅಂಗಿಯಲ್ಲೇ, ಬರಿಗಾಲಲ್ಲೇ, ಪರದೆಯ ಪಕ್ಕದಿಂದ ಮುಂದೆ ಹೋಗಿ ನಿಂತೆ. "ಇವರ ನೋಡ್ರಿ ನಾಟಕ ಬರದಾವ್ರು, ಮತ್ತ ಈ ಪರದಿ ಬರದಾಂವರ ಮಗಾ" ಎಂದು ಸೋಮು ಮೈಕಿನಲ್ಲಿ ಕೂಗಿದ. ಕೈಮುಗಿದೆ. ಜನರ ಮುಖ ನೋಡಲಾಗದೆ ಹಿಂದಕ್ಕೆ ತಿರುಗಿದೆ. ನಿನ್ನ ಗುಡ್ಡಗಳ ಮೇಲೆ ನನ್ನ ಎರಡು ನೆರಳು ಬಿದ್ದಿದ್ದವು. ಒಂದು ಈ ಕಡೆ, ಒಂದು ಆ ಕಡೆ. ಒಂದು ನನ್ನಷ್ಟೇ ಎತ್ತರ. ಇನ್ನೊಂದು ನನಗಿಂತ ಎತ್ತರವಾಗಿ ಕಲ್ಲಿನ ಬಾಗಿಲಿಗೆ ಹತ್ತಿ ನಿಂತಿತ್ತು.

ಇದಿಷ್ಟನ್ನು ಹೇಳಲು ಹನ್ನೆರಡು ದಿನ ಬೇಕಾಯಿತು. ಇನ್ನೊಂದು ಮಾತಿದೆ. ಮಮದಾಪುರದವರು ಕಾರಹುಣ್ಣಿಮೆಗೆ ಇದೇ ನಾಟಕ ಕೇಳಿದ್ದಾರೆ. ಆ ದಿನ ರೇವಪ್ಪ ಮಾಸ್ತರರ ನಾಟಕ ಇಲ್ಲವೆಂದು ಮೊದಲು ಅವರನ್ನೇ ಕೇಳಿ, ಆಮೇಲೆ ಒಪ್ಪಿಕೊಂಡೆ. ಹೌದು, ನಾನೇ ತಿಕೋಟಾಕ್ಕೆ ಹೋಗಿದ್ದೆ. "ಮೊದ್ಲ ನನ್ನ ಕೇಳಾಕ ಬಂದೀ? ಬಸಲಿಂಗಯ್ಯನ ಮಗನ ಬಿಡಪಾ ನೀ" ಎಂದು ಮಾಸ್ತರರು ಬೆನ್ನಿಗೆ ಗುದ್ದಿದರು. ಅವರೂ ನಾಟಕ ನೋಡಲು ಬರುತ್ತಾರೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇಡಿಸಲು ಸೋಮುಗೆ ಹೇಳಿದ್ದೇನೆ. ಒಂದು ಅವರಿಗೆ, ಒಂದು ನಿನಗೆ. ನೀನು ಬರೆದ ಪರದೆಯನ್ನು ನೀನು ಒಮ್ಮೆಯೂ ಮುಂದೆ ಕೂತು ನೋಡಿಲ್ಲ. ಹಗ್ಗ ನನಗಿರಲಿ. ಎರಡು ಸುತ್ತು ಸುತ್ತಿಕೊಳ್ಳುತ್ತೇನೆ, ಗಾಳಿ ಬಂದರೆ ಬಿದಿರಿನ ಮೇಲೆ ಕಾಲಿಡುತ್ತೇನೆ, ಮುಗಿದ ಮೇಲೆ ಮುಂದೆ ಬಂದು ನಿಲ್ಲುತ್ತೇನೆ.

ಪರದೆಯ ಬೆನ್ನಿನ ಅಕ್ಷರಗಳನ್ನು ಒರೆಸಿಲ್ಲ. ಹೆಬ್ಬೆರಳಿನ ಗುರುತಿರುವ ಪುಟವನ್ನೂ ಬದಲಿಸಿಲ್ಲ. ಆ ಸಾಲನ್ನು ಮಾತ್ರ ಹೊಡೆದುಹಾಕಿದ್ದೇನೆ. ಈ ಪತ್ರವನ್ನು ಮಡಚಿ ಎರಡು ಸೂರ್ಯರ ನಡುವೆ ಇಟ್ಟು ಪರದೆ ಸುತ್ತುತ್ತೇನೆ. ಪರದೆ ಕಟ್ಟಿಕೊಡು ಬಾ ಎಂದಷ್ಟೇ ನಿನ್ನನ್ನು ಕರೆಯುತ್ತೇನೆ, ಮಮದಾಪುರದಲ್ಲಿ ಕಟ್ಟಲು ಬಿಚ್ಚಿದಾಗ ಇದು ನಿನ್ನ ಕೈಗೇ ಬೀಳುತ್ತದೆ. ಓದಿ ಏನೂ ಹೇಳಬೇಡ. ಸುಮ್ಮನೆ ಹೋಗಿ ಕುರ್ಚಿಯ ಮೇಲೆ ಕೂತುಬಿಡು.

ನಿನ್ನ ಕೈಯ ಬಣ್ಣ ಎಂದೂ ಆರದಿರಲಿ, ಅಪ್ಪಾ.

ಹಗ್ಗದ ಈ ತುದಿಯಿಂದ,
ನಿನ್ನ ಸಂಗು